ಮರೆವು ಕವಿಯುವ ಮುನ್ನ: ಮುಂಗಡ ಆರೈಕೆ ಯೋಜನೆಗೆ ಡಿಜಿಟಲ್ ಸಾಧನಗಳು

ಅಂಗಡಿಯ ದಾಸ್ತಾನಿಗೆ ಅಗ್ನಿವಿಮೆ, ಸರಕು ಸಾಗಿಸುವ ಲಾರಿಗೆ ವಾಹನ ವಿಮೆ, ಬ್ಯಾಂಕ್ ಠೇವಣಿಗೆ ನಾಮನಿರ್ದೇಶನ, ಸ್ಥಿರಾಸ್ತಿಗೆ ಉಯಿಲು – ಇಷ್ಟನ್ನು ಅಚ್ಚುಕಟ್ಟಾಗಿ ಮಾಡಿಟ್ಟ ವರ್ತಕರು ತಮ್ಮ ವ್ಯವಹಾರವೆಲ್ಲ ಭದ್ರವಾಗಿದೆಯೆಂದು ನಂಬುವುದು ಸಹಜ. ಆದರೆ ನಾಮನಿರ್ದೇಶನವಾಗಲಿ ಉಯಿಲಾಗಲಿ ಜಾರಿಗೆ ಬರುವುದು ಮರಣಾನಂತರ. ಅದಕ್ಕೆ ಮೊದಲು, ಮನುಷ್ಯ ಬದುಕಿದ್ದೂ ತನ್ನ ನಿರ್ಧಾರವನ್ನು ತಾನೇ ಹೇಳಲಾರದ ಅವಧಿಯೊಂದು ಬರಬಹುದು. ಮರೆಗುಳಿ ರೋಗವೆಂದು ಜನ ಕರೆಯುವ ಡಿಮೆನ್ಶಿಯಾದಲ್ಲಿ ಈ ಅವಧಿ ಹಲವು ವರ್ಷಗಳಷ್ಟು ದೀರ್ಘವಾಗಿರುತ್ತದೆ. ಆ ವರ್ಷಗಳಿಗಾಗಿ ಬರೆದಿಟ್ಟ ಕಾಗದ ಬಹುತೇಕ ಮನೆಗಳಲ್ಲಿ ಇರುವುದಿಲ್ಲ.

ಭಾರತದಲ್ಲಿ ನಡೆದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜು 2023ರಲ್ಲಿ ಪ್ರಕಟವಾಯಿತು. ಅದರಂತೆ 60 ವರ್ಷ ಮೀರಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಮಾಲೀಕನೇ ಲೆಕ್ಕಿಗ, ಮಾಲೀಕನೇ ಖರೀದಿದಾರ, ಮಾಲೀಕನೇ ಸಹಿದಾರ ಎಂಬಂತೆ ನಡೆಯುವ ಸಣ್ಣ ಉದ್ದಿಮೆಗಳಲ್ಲಿ ಅರವತ್ತು ದಾಟಿದವರೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವುದು ಸಾಮಾನ್ಯ. ಆದ್ದರಿಂದ ಈ ವಿಷಯ ವರ್ತಕ ಸಮುದಾಯಕ್ಕೆ ದೂರದ್ದಲ್ಲ.

ಮುಂಗಡ ಆರೈಕೆ ಯೋಜನೆ ಎಂದರೇನು?

ಮುಂದೆ ತನ್ನ ಮಾತು ತಾನೇ ಆಡಲಾಗದ ಸ್ಥಿತಿ ಬಂದರೆ ಎಂತಹ ಚಿಕಿತ್ಸೆ ಬೇಕು, ಎಂತಹದು ಬೇಡ, ಎಲ್ಲಿ ಯಾರೊಡನೆ ಇರಬೇಕು, ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂಬುದನ್ನು ಮನಸ್ಸು ಸ್ವಸ್ಥವಾಗಿರುವಾಗಲೇ ಯೋಚಿಸಿ, ಮನೆಯವರೊಡನೆ ಚರ್ಚಿಸಿ, ಬರೆದಿಡುವುದೇ ಮುಂಗಡ ಆರೈಕೆ ಯೋಜನೆ. ಹೃದಯಾಘಾತದಂತಹ ಪ್ರಸಂಗದಲ್ಲಿ ಕುಟುಂಬ ಗಂಟೆಗಳಲ್ಲಿ ನಿರ್ಧರಿಸಬೇಕಾಗುತ್ತದೆ. ಡಿಮೆನ್ಶಿಯಾದಲ್ಲಿ ಹಾಗಲ್ಲ. ರೋಗ ಮೆಲ್ಲನೆ ಬೆಳೆಯುವುದರಿಂದ ಆರಂಭದಲ್ಲಿ ರೋಗಿಯೇ ನಿರ್ಧರಿಸಬಲ್ಲ ಕಾಲಾವಕಾಶವೊಂದು ಇರುತ್ತದೆ. ಅದನ್ನು ಕಳೆದುಕೊಂಡರೆ ಮತ್ತೆ ದೊರೆಯದು.

ಇಲ್ಲಿ ಒಂದು ತಪ್ಪು ಕಲ್ಪನೆ ನಿವಾರಣೆಯಾಗಬೇಕು. ಡಿಮೆನ್ಶಿಯಾ ಎಂದು ವೈದ್ಯರು ಹೇಳಿದ ದಿನವೇ ವ್ಯಕ್ತಿಯ ನಿರ್ಧಾರಶಕ್ತಿ ಮುಗಿದುಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಚಿಕಿತ್ಸೆಯ ವಿಷಯದಲ್ಲಿ ಈ ಸಾಮರ್ಥ್ಯವನ್ನು ಅಳೆಯುವ ಬಗೆಯನ್ನು ತಿಳಿಸುತ್ತದೆ: ಹೇಳಿದ ಮಾಹಿತಿ ಅರ್ಥವಾಗುವುದೇ, ನಿರ್ಧಾರದ ಪರಿಣಾಮ ತಿಳಿಯುವುದೇ, ನಿರ್ಧಾರವನ್ನು ಮಾತು, ಸನ್ನೆ ಅಥವಾ ಬೇರಾವುದಾದರೂ ರೀತಿಯಲ್ಲಿ ತಿಳಿಸಬಲ್ಲರೇ ಎಂಬುದು ಮುಖ್ಯ. ಒಬ್ಬರ ನಿರ್ಧಾರ ಇತರರಿಗೆ ಸರಿಕಾಣದ ಮಾತ್ರಕ್ಕೆ ಅವರಿಗೆ ಸಾಮರ್ಥ್ಯವಿಲ್ಲವೆಂದು ತೀರ್ಮಾನಿಸುವಂತಿಲ್ಲವೆಂದೂ ಅದೇ ಅಧಿನಿಯಮ ಹೇಳುತ್ತದೆ.

ಡಿಜಿಟಲ್ ಸಾಧನಗಳು ಮಾಡುವ ಕೆಲಸ

ಈ ಸಾಧನಗಳ ಉಪಯೋಗ ಮೂರು ಬಗೆಯದು: ವಿಷಯವನ್ನು ತಿಳಿಯಪಡಿಸುವುದು, ಇಚ್ಛೆಯನ್ನು ದಾಖಲಿಸುವುದು ಮತ್ತು ದಾಖಲೆಯನ್ನು ಬೇಕಾದಾಗ ದೊರಕಿಸುವುದು.

ಮೊದಲನೆಯದಕ್ಕೆ ಅಮೆರಿಕದ ಪ್ರಯೋಗವೊಂದು ಉತ್ತಮ ನಿದರ್ಶನ. ಆಂಜೆಲೊ ವೊಲಾಂಡೆಸ್ ಮತ್ತು ಸಂಗಡಿಗರು 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 200 ವೃದ್ಧರು ಪಾಲ್ಗೊಂಡಿದ್ದರು. ಕೆಲವರಿಗೆ ತೀವ್ರ ಹಂತದ ಡಿಮೆನ್ಶಿಯಾವನ್ನು ಮಾತಿನಲ್ಲಿ ಮಾತ್ರ ವಿವರಿಸಲಾಯಿತು. ಉಳಿದವರಿಗೆ ಅದರೊಂದಿಗೆ ಕಿರು ವೀಡಿಯೊವನ್ನೂ ತೋರಿಸಲಾಯಿತು. ಮಾತು ಮಾತ್ರ ಕೇಳಿದವರಲ್ಲಿ ಶೇ. 64 ಮಂದಿ, ವೀಡಿಯೊ ನೋಡಿದವರಲ್ಲಿ ಶೇ. 86 ಮಂದಿ ನೋವು ನಿವಾರಿಸಿ ನೆಮ್ಮದಿ ನೀಡುವ ಆರೈಕೆಯನ್ನೇ ಆರಿಸಿಕೊಂಡರು. ಆರು ವಾರಗಳ ಬಳಿಕ ವಿಚಾರಿಸಿದಾಗ ಮೊದಲ ಗುಂಪಿನಲ್ಲಿ ಶೇ. 29 ಮಂದಿ ಅಭಿಪ್ರಾಯ ಬದಲಿಸಿದ್ದರು. ಎರಡನೆಯ ಗುಂಪಿನಲ್ಲಿ ಬದಲಿಸಿದವರು ಶೇ. 6 ಮಾತ್ರ. ಕಣ್ಣಾರೆ ಕಂಡು ಮಾಡಿದ ನಿರ್ಧಾರ ಹೆಚ್ಚು ಸ್ಥಿರವಾಗಿ ನಿಂತಿತು.

ಎರಡನೆಯದು ದಾಖಲಿಸುವ ಕೆಲಸ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಜ್ಞರು ರೂಪಿಸಿದ ‘ಪ್ರಿಪೇರ್ ಫಾರ್ ಯುವರ್ ಕೇರ್’ ಎಂಬ ಜಾಲತಾಣವು ದೊಡ್ಡ ಅಕ್ಷರ, ಸರಳ ಭಾಷೆ, ಧ್ವನಿ ಮತ್ತು ಕಿರು ವೀಡಿಯೊಗಳ ಮೂಲಕ ಹಂತಹಂತವಾಗಿ ಪ್ರಶ್ನೆಗಳನ್ನು ಮುಂದಿಡುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯ ಬರಾಕ್ ಗ್ಯಾಸ್ಟರ್ ಮತ್ತು ಸಂಗಡಿಗರು 2017ರಲ್ಲಿ ಡಿಮೆನ್ಶಿಯಾಕ್ಕೆಂದೇ ಪ್ರತ್ಯೇಕ ನಮೂನೆಯನ್ನು ಪರಿಚಯಿಸಿದರು. ರೋಗದ ಆರಂಭ, ಮಧ್ಯಮ ಮತ್ತು ತೀವ್ರ ಹಂತಗಳಿಗೆ ಬೇರೆಬೇರೆಯಾಗಿ ಇಚ್ಛೆಯನ್ನು ಗುರುತಿಸುವ ವ್ಯವಸ್ಥೆ ಅದರಲ್ಲಿದೆ. ಈ ನಮೂನೆಗಳಿಗೆ ಭಾರತದಲ್ಲಿ ಕಾನೂನಿನ ಬಲವಿಲ್ಲ. ಆದರೆ ಪ್ರಶ್ನೆ ಕೇಳುವ ಕ್ರಮವನ್ನು ಇಲ್ಲಿನ ಕುಟುಂಬಗಳೂ ಅನುಸರಿಸಬಹುದು. ಒಂದು ಬಾರಿಗೆ ಒಂದೇ ಪ್ರಶ್ನೆ, ಮನೆಮಾತಿನಲ್ಲಿ, ಬೆಳಗಿನ ಪ್ರಶಾಂತ ವೇಳೆಯಲ್ಲಿ ಕೇಳಿ, ಉತ್ತರವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಟ್ಟುಕೊಂಡರೆ ಮುಂದೆ ಮಕ್ಕಳ ನಡುವೆ ‘ಅಪ್ಪ ಹಾಗೆ ಹೇಳಿದ್ದರು, ಹೀಗೆ ಹೇಳಿದ್ದರು’ ಎಂಬ ವಾದಕ್ಕೆ ಎಡೆಯಿರದು.

ಇದೇ ಕಾರಣದಿಂದ ಜ್ಞಾಪಕಶಕ್ತಿಯ ಪರೀಕ್ಷೆಯೂ ರೋಗಿಯ ಭಾಷೆಯಲ್ಲಿಯೇ ನಡೆಯುವುದು ಅಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಸಿದ್ಧವಾದ ಅರಿವಿನ ಪರೀಕ್ಷೆಗಳ ಸಂಪುಟವು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂಗಳ ಜೊತೆಗೆ ಕನ್ನಡದಲ್ಲಿಯೂ ಇದೆ.

ಕಾನೂನು ಏನು ಹೇಳುತ್ತದೆ?

ಕಾಮನ್ ಕಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ನೀಡಿದ ತೀರ್ಪು ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ‘ಲಿವಿಂಗ್ ವಿಲ್’ಗೆ ಮಾನ್ಯತೆ ಕೊಟ್ಟಿತು. ಆಗ ಅದಕ್ಕೆ ಮ್ಯಾಜಿಸ್ಟ್ರೇಟರ ಮೇಲುರುಜು ಬೇಕಿತ್ತು. ಕಾರ್ಯವಿಧಾನ ಕಠಿಣವೆಂದು ಮನಗಂಡ ನ್ಯಾಯಾಲಯ 2023ರ ಜನವರಿ 24ರಂದು ಅದನ್ನು ಸಡಿಲಿಸಿತು. ಈಗ ಸ್ವಸ್ಥಚಿತ್ತರಾದ ವಯಸ್ಕರು ಇಬ್ಬರು ಸಾಕ್ಷಿಗಳ ಸಮಕ್ಷಮ ಲಿಖಿತವಾಗಿ ನಿರ್ದೇಶನಕ್ಕೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಅದರ ಪ್ರತಿಯನ್ನು ಹೆಸರಿಸಿದ ಆಪ್ತರಿಗೂ ಸ್ಥಳೀಯ ಸಂಸ್ಥೆಯ ಅಧಿಕಾರಿಗೂ ನೀಡತಕ್ಕದ್ದು. ಡಿಜಿಟಲ್ ಆರೋಗ್ಯ ದಾಖಲೆಯಲ್ಲಿಯೂ ಸೇರಿಸಬಹುದು. ಕರ್ನಾಟಕ ಸರ್ಕಾರವು 2025ರ ಜನವರಿ 30ರಂದು ಈ ತೀರ್ಪಿನ ಅನುಷ್ಠಾನಕ್ಕೆ ಆದೇಶ ಹೊರಡಿಸಿತು.

ಆದರೆ ಈ ನಿರ್ದೇಶನದ ವ್ಯಾಪ್ತಿ ಸೀಮಿತವಾದುದು. ಗುಣವಾಗುವ ಭರವಸೆಯಿಲ್ಲದ ಅಂತಿಮ ಸ್ಥಿತಿಯಲ್ಲಿ, ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆಯ ಬಳಿಕವೇ ಅದು ಜಾರಿಗೆ ಬರುತ್ತದೆ. ಡಿಮೆನ್ಶಿಯಾದ ನಡುವಣ ವರ್ಷಗಳ ಪ್ರಶ್ನೆಗಳು, ಅಂದರೆ ಯಾರ ಮನೆಯಲ್ಲಿ ವಾಸ, ಆರೈಕೆ ಕೇಂದ್ರಕ್ಕೆ ಸೇರಿಸಬಹುದೇ, ಖರ್ಚಿಗೆ ಯಾವ ಹಣ ಎಂಬಂತಹವು, ಅದರಲ್ಲಿ ಬಗೆಹರಿಯುವುದಿಲ್ಲ. ಇವುಗಳಿಗೆ ಪ್ರತ್ಯೇಕ ಇಚ್ಛಾಪತ್ರ ಬರೆದಿಡುವುದು ಒಳಿತು. ಅದಕ್ಕೆ ಕಾನೂನಿನ ಕಟ್ಟುಪಾಡಿಲ್ಲದಿದ್ದರೂ ಕುಟುಂಬಕ್ಕೆ ದಾರಿದೀಪವಾಗುತ್ತದೆ. ಇದಲ್ಲದೆ 2017ರ ಅಧಿನಿಯಮವು ಮಾನಸಿಕ ಆರೋಗ್ಯ ಚಿಕಿತ್ಸೆಗೆ ಸಂಬಂಧಿಸಿದ ಮುಂಗಡ ನಿರ್ದೇಶನಕ್ಕೂ ನಾಮನಿರ್ದೇಶಿತ ಪ್ರತಿನಿಧಿಯ ನೇಮಕಕ್ಕೂ ಅವಕಾಶ ಕಲ್ಪಿಸಿದ್ದು, ನೋಂದಾಯಿತ ನಿರ್ದೇಶನಗಳ ಆನ್‌ಲೈನ್ ವಹಿಯನ್ನು ಪುನರ್ವಿಮರ್ಶಾ ಮಂಡಳಿಗಳು ಇಡಬೇಕೆಂದು ವಿಧಿಸಿದೆ.

ಆರೈಕೆಯ ಖರ್ಚೂ ಉದ್ದಿಮೆಯ ಕೀಲಿಕೈಯೂ

ಆರೈಕೆಯ ಹಣ ಬರಬೇಕಾದುದು ವ್ಯಾಪಾರದಿಂದಲೇ. ಆದ್ದರಿಂದ ಮಾಲೀಕನ ಸಹಿ ನಿಂತರೆ ಕಾರ್ಮಿಕರ ವಾರದ ಬಟವಾಡೆಯೂ ಮಾಲೀಕನ ಔಷಧೋಪಚಾರವೂ ಒಟ್ಟಿಗೇ ನಿಲ್ಲುವ ಅಪಾಯವಿದೆ. ಮಗನ ಹೆಸರಿಗೆ ಜಿ.ಪಿ.ಎ. ಬರೆದುಕೊಟ್ಟಿದ್ದೇನೆ, ಅಷ್ಟು ಸಾಕು ಎಂದು ಹಲವರು ಭಾವಿಸಿರುತ್ತಾರೆ. ಆದರೆ 1872ರ ಭಾರತೀಯ ಕರಾರು ಅಧಿನಿಯಮದ 201ನೇ ಪ್ರಕರಣದಂತೆ ಅಧಿಕಾರ ಕೊಟ್ಟವರ ಚಿತ್ತ ಅಸ್ವಸ್ಥವಾದರೆ ಅಧಿಕಾರವೂ ಕೊನೆಗೊಳ್ಳುತ್ತದೆ. ಅತ್ಯಗತ್ಯವಾದ ಹೊತ್ತಿನಲ್ಲಿಯೇ ಆ ಪತ್ರ ಬಲ ಕಳೆದುಕೊಳ್ಳುತ್ತದೆ. ಬ್ರಿಟನ್ ಮತ್ತು ಸಿಂಗಪುರಗಳಲ್ಲಿ ಬುದ್ಧಿಶಕ್ತಿ ಕುಂದಿದ ಮೇಲೂ ಊರ್ಜಿತವಾಗಿ ಉಳಿಯುವ ಅಧಿಕಾರಪತ್ರಕ್ಕೆ ಕಾನೂನಿದೆ. ಸಿಂಗಪುರದಲ್ಲಿ 2022ರಿಂದ ಅದನ್ನು ಆನ್‌ಲೈನಿನಲ್ಲಿಯೇ ಮಾಡಬಹುದಾಗಿದೆ. ಇಲ್ಲಿ ಅಂತಹ ವ್ಯವಸ್ಥೆ ಇಲ್ಲದಿರುವುದರಿಂದ ಕುಟುಂಬಗಳು ಪೋಷಕರ ನೇಮಕಕ್ಕಾಗಿ ಉಚ್ಚ ನ್ಯಾಯಾಲಯದ ಮೊರೆ ಹೋಗಬೇಕಾದ ಪ್ರಸಂಗಗಳಿವೆ.

ಏಕಮಾಲೀಕತ್ವದ ಉದ್ದಿಮೆಯನ್ನು ಸಕಾಲದಲ್ಲಿ ಪಾಲುದಾರಿಕೆಗೋ ಕಂಪನಿಗೋ ಪರಿವರ್ತಿಸಿ, ಮುಂದೆ ನಡೆಸುವವರು ತಮ್ಮ ಸ್ವಂತ ಹಕ್ಕಿನಿಂದಲೇ ಸಹಿ ಮಾಡುವಂತೆ ಏರ್ಪಡಿಸುವುದು ಇದಕ್ಕೊಂದು ಪರಿಹಾರ. ಪಾಲುದಾರಿಕೆಯಲ್ಲಿಯೂ ಎಚ್ಚರ ಬೇಕು. 1932ರ ಪಾಲುದಾರಿಕೆ ಅಧಿನಿಯಮದ 44ನೇ ಪ್ರಕರಣದಂತೆ ಪಾಲುದಾರರೊಬ್ಬರು ಅಸ್ವಸ್ಥಚಿತ್ತರಾದುದನ್ನು ಮುಂದಿಟ್ಟು ಸಂಸ್ಥೆಯ ವಿಸರ್ಜನೆಗೆ ದಾವೆ ಹೂಡಬಹುದು. ಅಂತಹ ಸಂದರ್ಭದಲ್ಲಿ ಏನು ಮಾಡತಕ್ಕದ್ದು, ನಿವೃತ್ತ ಪಾಲುದಾರರ ಆರೈಕೆಗೆ ಎಷ್ಟು ಹಣ ಸಲ್ಲಬೇಕು ಎಂಬ ಷರತ್ತನ್ನು ಪಾಲುಪತ್ರದಲ್ಲಿಯೇ ಸೇರಿಸುವುದು ಕ್ಷೇಮ.

ಸಾಧನಗಳ ಮಿತಿ

ಡಿಜಿಟಲ್ ಸಹಿಗೆ ಎಲ್ಲೆಡೆಯೂ ಮಾನ್ಯತೆಯಿದೆಯೆಂಬ ಭಾವನೆ ಸರಿಯಲ್ಲ. ಉಯಿಲು ಮತ್ತು ಟ್ರಸ್ಟ್ ಪತ್ರಗಳು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ವ್ಯಾಪ್ತಿಯಿಂದ ಹೊರಗಿವೆ. ಜಿ.ಪಿ.ಎ.ಯೂ ಹೊರಗೆ, 2022ರಲ್ಲಿ ದೊರೆತ ವಿನಾಯಿತಿ ರಿಸರ್ವ್ ಬ್ಯಾಂಕ್, ಸೆಬಿ ಮುಂತಾದ ನಿಯಂತ್ರಕರ ಅಧೀನದಲ್ಲಿರುವ ಹಣಕಾಸು ಸಂಸ್ಥೆಗಳಿಗೆ ನೀಡುವ ಅಧಿಕಾರಪತ್ರಗಳಿಗೆ ಮಾತ್ರ ಅನ್ವಯಿಸುತ್ತದೆ. ವೈದ್ಯಕೀಯ ನಿರ್ದೇಶನವನ್ನೂ ಮೊದಲು ಕಾಗದದ ಮೇಲೆ ಕ್ರಮಬದ್ಧವಾಗಿ ಮಾಡಿ, ಬಳಿಕ ಅದರ ಸ್ಕ್ಯಾನ್ ಪ್ರತಿಯನ್ನು ಸಂಗ್ರಹಿಸುವುದೇ ಸರಿಯಾದ ಕ್ರಮ.

ಇನ್ನೊಂದು ತೊಡಕು ವರ್ತಕರಿಗೆ ಚೆನ್ನಾಗಿ ಪರಿಚಿತ. ಬ್ಯಾಂಕು, ಜಿ.ಎಸ್.ಟಿ., ಆರೋಗ್ಯ ಖಾತೆ ಎಲ್ಲಕ್ಕೂ ಒ.ಟಿ.ಪಿ. ಬರುವುದು ಒಂದೇ ಮೊಬೈಲ್‌ಗೆ. ಅದರ ಗುಪ್ತಸಂಖ್ಯೆ ಗೊತ್ತಿರುವುದು ಒಬ್ಬರಿಗೇ. ಅವರಿಗೇ ಅದು ಮರೆತುಹೋದರೆ ಬೀಗವೂ ಕೀಲಿಯೂ ಒಂದೇ ಪೆಟ್ಟಿಗೆಯೊಳಗೆ ಉಳಿದಂತೆ. ಅಸ್ಪಷ್ಟ ನೆನಪಿನ ಹಿರಿಯರ ಮೊಬೈಲ್ ವಂಚಕರಿಗೂ ಸುಲಭದ ತುತ್ತು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಲೆಕ್ಕದಲ್ಲಿ ಪದೇ ಪದೇ ತಪ್ಪು, ಒಂದೇ ಬಿಲ್ಲಿಗೆ ಎರಡು ಬಾರಿ ಪಾವತಿ, ಪರಿಚಿತ ಗಿರಾಕಿಯ ಹೆಸರು ಮರೆಯುವುದು ಮುಂತಾದ ಲಕ್ಷಣಗಳು ಕಂಡರೆ ವಯೋಸಹಜವೆಂದು ತಳ್ಳಿಹಾಕದೆ ತಜ್ಞರಲ್ಲಿ ಪರೀಕ್ಷಿಸತಕ್ಕದ್ದು.

2. ನಿರ್ದೇಶನಕ್ಕೆ ಸಹಿ ಮಾಡುವ ದಿನಾಂಕಕ್ಕೆ ಹತ್ತಿರದಲ್ಲಿಯೇ ವೈದ್ಯರಿಂದ ನಿರ್ಧಾರ ಸಾಮರ್ಥ್ಯದ ಪ್ರಮಾಣಪತ್ರ ಪಡೆದಿಡತಕ್ಕದ್ದು.

3. ತಮ್ಮ ಪರವಾಗಿ ನಿರ್ಧರಿಸುವವರೆಂದು ಕನಿಷ್ಠ ಇಬ್ಬರನ್ನು ಹೆಸರಿಸಿ, ಅವರ ಒಪ್ಪಿಗೆ ಪಡೆದು, ಮನೆಯವರೆಲ್ಲರಿಗೂ ತಿಳಿಸತಕ್ಕದ್ದು.

4. ಸಹಿಯಾದ ಪತ್ರದ ಸ್ಕ್ಯಾನ್ ಪ್ರತಿಯನ್ನು ಡಿಜಿಲಾಕರ್‌ನಲ್ಲಿ ಅಥವಾ 14 ಅಂಕಿಗಳ ಆಭಾ ಸಂಖ್ಯೆಗೆ ಹೊಂದಿಕೊಂಡ ಆರೋಗ್ಯ ದಾಖಲೆಯಲ್ಲಿ ಇರಿಸಿ, ಹೆಸರಿಸಿದವರ ಬಳಿಯೂ ಕುಟುಂಬ ವೈದ್ಯರ ಬಳಿಯೂ ಒಂದೊಂದು ಪ್ರತಿ ಇರುವಂತೆ ನೋಡಿಕೊಳ್ಳತಕ್ಕದ್ದು.

5. ಖಾತೆಗಳು, ವಿಮೆ, ಸಾಲ, ನೋಂದಾಯಿತ ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ನಂಬಿಗಸ್ತರಲ್ಲಿ ಇರಿಸತಕ್ಕದ್ದು. ಅಪರಿಚಿತ ಆ್ಯಪ್‌ಗಳಿಗೆ ಈ ವಿವರ ಕೊಡಲಾಗದು.

6. ಮನಸ್ಸು ಬದಲಾದರೆ ನಿರ್ದೇಶನವನ್ನು ಬದಲಿಸಲು ಹಕ್ಕಿದೆ. ಹಾಗೆ ಬದಲಿಸಿದಾಗ ಹಳೆಯ ಪ್ರತಿಗಳನ್ನೆಲ್ಲ ಹಿಂಪಡೆಯತಕ್ಕದ್ದು.

ಯಾವ ಯಂತ್ರವೂ ಕುಂದಿದ ನಿರ್ಧಾರಶಕ್ತಿಯನ್ನು ಮರಳಿ ಕೊಡಲಾರದು. ಸಕಾಲದಲ್ಲಿ ಆಡಿದ ಮಾತನ್ನು ಕಾಪಾಡಿ, ಬೇಕಾದವರ ಕೈಗೆ ಮುಟ್ಟಿಸುವುದಷ್ಟೇ ಅದಕ್ಕೆ ಸಾಧ್ಯ. ಮಾರ್ಚ್ ಅಂತ್ಯದಲ್ಲಿ ದಾಸ್ತಾನು ಎಣಿಸಿ ಲೆಕ್ಕ ಮುಗಿಸುವ ರೂಢಿ ಪ್ರತಿ ಅಂಗಡಿಯಲ್ಲಿಯೂ ಇದೆ. ಅದೇ ವಾರದಲ್ಲಿ ಒಂದು ಸಂಜೆಯನ್ನು ಮನೆಮಂದಿಯೊಡನೆ ಈ ಮಾತುಕತೆಗೆ ಮೀಸಲಿಟ್ಟು, ತಮ್ಮ ವಕೀಲರು ಮತ್ತು ಲೆಕ್ಕಪರಿಶೋಧಕರ ಸಲಹೆಯೊಂದಿಗೆ ಪತ್ರಗಳನ್ನು ಸಿದ್ಧಪಡಿಸಿಕೊಂಡರೆ, ಮುಂದೊಂದು ದಿನ ಆಸ್ಪತ್ರೆಯ ಬಾಗಿಲಲ್ಲಿ ಮಕ್ಕಳು ಊಹೆಯ ಮೇಲೆ ತೀರ್ಮಾನಿಸಬೇಕಾದ ಸಂಕಟ ತಪ್ಪುತ್ತದೆ.