‘ಇಲ್ಲ’ ಎನ್ನಲು ನೂರು ನೋಟ

ಮಕ್ಕಳೇ, ನಮ್ಮ ಮಂಗಳೂರಿನಲ್ಲಿ ಮಳೆಗಾಲದ ಜ್ವರ ಬಂದರೆ ಅಜ್ಜ-ಅಜ್ಜಿಯರಿಗೆ ಮೊದಲು ಮಲೇರಿಯಾದ ಚಿಂತೆ. ಹೌದೋ ಅಲ್ಲವೋ ಎಂದು ರಕ್ತ ನೋಡಿ ಹೇಳುವವರು ಲ್ಯಾಬ್ ಟೆಕ್ನೀಷಿಯನ್. ಕಂಕನಾಡಿಯ ಫಾದರ್ ಮುಲ್ಲರ್‌ನಂಥ ಕಡೆ ಈ ವಿದ್ಯೆ ಕಲಿಸುತ್ತಾರೆ.

ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಒಂದು ಕಡೆ ದಪ್ಪಗೆ, ಇನ್ನೊಂದು ಕಡೆ ತೆಳ್ಳಗೆ ಸವರಬೇಕು. ಕೈ ಪಳಗಲು ದಿನಗಳೇ ಬೇಕು! ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಪ್ಪದಲ್ಲಿ ರೋಗಾಣು ಬೇಗ ಸಿಗುತ್ತದೆ. ವೈವಾಕ್ಸೋ, ಅಪಾಯದ ಫಾಲ್ಸಿಪಾರಮ್ಮೋ ಎಂಬುದು ತೆಳುವಿನಲ್ಲಿ ತಿಳಿಯುತ್ತದೆ. ಔಷಧವೂ ಅದರಂತೆ ಬೇರೆ.

ಕಂಡರೆ ‘ಇದೆ’ ಎನ್ನಬಹುದು. ‘ಇಲ್ಲ’ ಎನ್ನಲು ಪಟ್ಟಿಯನ್ನು ಸರಿಸುತ್ತ ಕನಿಷ್ಠ 100 ಕಡೆ ನೋಡಬೇಕು. ಕ್ಯಾಶ್ ಕೌಂಟರಿನಲ್ಲಿ ನಾನೂ ನೋಟು ಎರಡೆರಡು ಸಲ ಎಣಿಸಿದವನೇ. ಅಲ್ಲಿ ತಪ್ಪಿದರೆ ಹೋಗುತ್ತಿದ್ದುದು ದುಡ್ಡು ಮಾತ್ರ.

ಮುಂದಿನ ಸಲ ಬೆರಳು ಚುಚ್ಚಿಸಿಕೊಂಡಾಗ ಆ ಪಟ್ಟಿಯ ಅಂಚು ನೋಡಿ, ನಿಮ್ಮ ನಂಬರ್ ಬರೆದಿರುತ್ತದೆ.