ತೋಟದ ನೆರಳು ಅಡುಗೆಮನೆಯ ಗೋಡೆಗೆ

ಬೆಂಗಳೂರಿನ ಗಾಂಧಿ ಬಜಾರಿನ ಆಸುಪಾಸಿನಲ್ಲಿ ಕಾಫಿಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಗಳ ಮುಂದೆ ಇವತ್ತಿಗೂ ಜನ ನಿಂತಿರುತ್ತಾರೆ. ‘ಎಂಬತ್ತು–ಇಪ್ಪತ್ತು’ ಎಂದರೆ ಸಾಕು, ಚಿಕೋರಿ ಎಷ್ಟು ಬೆರೆಸಬೇಕೆಂದು ಅಂಗಡಿಯವರಿಗೆ ಗೊತ್ತು. ಅದೇ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಕೆಲವು ಅಡುಗೆಮನೆಗಳಲ್ಲಿ ಫಿಲ್ಟರಿನ ಪಕ್ಕಕ್ಕೆ ಈಗ ಕ್ಯಾಪ್ಸೂಲ್ ಯಂತ್ರವೂ ಬಂದು ಕೂತಿದೆ. ಮೊದಮೊದಲು ಹೊರದೇಶದಲ್ಲಿರುವ ಮಕ್ಕಳು ಸೂಟ್‌ಕೇಸಿನಲ್ಲಿ ತಂದುಕೊಟ್ಟದ್ದು. 2024ರಲ್ಲಿ ನೆಸ್ಲೆ ಕಂಪನಿ ತನ್ನ ಕ್ಯಾಪ್ಸೂಲ್ ಕಾಫಿ ನೆಸ್ಪ್ರೆಸ್ಸೋವನ್ನು ಭಾರತಕ್ಕೆ ತರುವುದಾಗಿ ಪ್ರಕಟಿಸಿದ ಮೇಲೆ ಇನ್ನಷ್ಟು ಮನೆಗಳಲ್ಲಿ ಅದರ ಮಾತು ಕೇಳಿಬಂತು.

ಈ ಕ್ಯಾಪ್ಸೂಲ್ ಹೊಸದೇನಲ್ಲ. ನೆಸ್ಲೆಯ ಎಂಜಿನಿಯರ್ ಎರಿಕ್ ಫಾವ್ರ್ ಇದಕ್ಕೆ 1976ರಲ್ಲೇ ಪೇಟೆಂಟ್ ಪಡೆದಿದ್ದರು, 1986ರಲ್ಲಿ ಮಾರಾಟ ಶುರುವಾಯಿತು. ಐದಾರು ಗ್ರಾಂ ಪುಡಿ ತುಂಬಿ ಮುಚ್ಚಿದ ಅಲ್ಯೂಮಿನಿಯಂ ಬಟ್ಟಲು ಅದು. ನಮಗೂ ಅದಕ್ಕೂ ನಂಟು ಇಲ್ಲದಿಲ್ಲ. ನೆಸ್ಪ್ರೆಸ್ಸೋ ತನ್ನ ಒಂದು ಬಗೆಗೆ ‘ಇಂಡಿಯಾ’ ಎಂದೇ ಹೆಸರಿಟ್ಟು, ಮುಂಗಾರಿನ ಗಾಳಿಗೆ ಹರವಿ ಹದಗೊಳಿಸಿದ ರೊಬಸ್ಟಾವನ್ನು ಅದರಲ್ಲಿ ಬೆರೆಸಿದೆ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಅಲ್ಲಿಂದ ಹೊರಟ ಬೀಜ ಬೇರೆ ವೇಷ ತೊಟ್ಟು ನಮ್ಮ ಮನೆಗೇ ಬಂದಿರಲಿಕ್ಕೂ ಸಾಕು.

ಬಂದ ಕ್ಯಾಪ್ಸೂಲುಗಳನ್ನು ಇಡುವುದೆಲ್ಲಿ? ಡ್ರಾಯರಿನಲ್ಲಿ ಸುರಿದರೆ ಉರುಳಾಡುತ್ತವೆ, ಡಬ್ಬದಲ್ಲಿ ತುಂಬಿದರೆ ಬೇಕಾದದ್ದು ತಳದಲ್ಲಿ ಸೇರಿಕೊಳ್ಳುತ್ತದೆ. ಸ್ಟೀಲು, ಪ್ಲಾಸ್ಟಿಕ್ಕಿನ ಹೋಲ್ಡರುಗಳು ಪೇಟೆಯಲ್ಲಿ ಸಿಗುತ್ತವೆ. ನಾನು ಹೇಳುವುದು ಮರದ್ದನ್ನು, ಅದರಲ್ಲೂ ಒಂದೇ ಒಂದು ಮರದ್ದನ್ನು: ಸಿಲ್ವರ್ ಓಕ್.

ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳನ್ನು ನೋಡಿದವರೆಲ್ಲ ಈ ಮರವನ್ನು ನೋಡಿದ್ದಾರೆ. ಕಾಫಿ ಗಿಡದ ಮೇಲೆ ನೆಟ್ಟಗೆ ಎದ್ದು ನಿಂತು, ಜರೀಗಿಡದಂಥ ಎಲೆಗಳ ನಡುವಿನಿಂದ ಬಿಸಿಲನ್ನು ಸೋಸಿ ಬಿಡುವುದು ಇದೇ. ಮೈಮೇಲೆ ಮೆಣಸಿನ ಬಳ್ಳಿಯನ್ನೂ ಹೊರುತ್ತದೆ. ಮೂಲ ಪೂರ್ವ ಆಸ್ಟ್ರೇಲಿಯಾ. ಹತ್ತೊಂಬತ್ತನೇ ಶತಮಾನದಲ್ಲಿ ಕಾಫಿ, ಚಹಾ ತೋಟಗಳ ನೆರಳಿಗೆಂದು ಇಲ್ಲಿಗೆ ತಂದರು. ಬೇಗ ಬೆಳೆಯುತ್ತದೆ. ಬೀಟೆ, ಹೊನ್ನೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್ ಕಡಿಯಲು ನಮ್ಮ ರಾಜ್ಯದ ಮರ ಸಂರಕ್ಷಣಾ ಕಾಯ್ದೆಯಲ್ಲೇ ವಿನಾಯಿತಿಯಿದೆ. ಸುಲಭವಾಗಿ ಸಿಗುತ್ತದೆ ಎನ್ನುವುದೇ ಅದಕ್ಕೆ ಮುಳುವಾಯಿತು. ಕಡಿದ ದಿಮ್ಮಿ ಲಾರಿ ಹತ್ತಿದರೆ ಇಳಿಯುವುದು ಪ್ಲೈವುಡ್ ಕಾರ್ಖಾನೆಯಲ್ಲಿ, ಇಲ್ಲವೇ ಪ್ಯಾಕಿಂಗ್ ಪೆಟ್ಟಿಗೆ ಹೊಡೆಯುವಲ್ಲಿ.

ಚಾಮರಾಜಪೇಟೆಯ ಒಬ್ಬ ಬಡಗಿಯ ಹತ್ತಿರ ಈ ಮಾತೆತ್ತಿದಾಗ ಅವರು ಗರಗಸ ಕೆಳಗಿಟ್ಟು ನನ್ನನ್ನೇ ನೋಡಿದರು. “ಸಿಲ್ವರ್ರಾ ಸ್ವಾಮಿ? ಅದನ್ನ ಯಾರಾದ್ರೂ ಮನೇಲಿ ಇಟ್ಕೊಳ್ತಾರಾ? ತೇಗ ತಗೊಳ್ಳಿ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ.” ತೇಗದ ಬಗ್ಗೆ ಅವರು ಹೇಳಿದ್ದು ನಿಜ. ಆದರೆ ಈ ಮರವನ್ನು ಸರಿಯಾಗಿ ಸೀಳಿ ಯಾರೂ ಅವರಿಗೆ ತೋರಿಸಿಲ್ಲ ಎಂದು ನನಗನ್ನಿಸಿತು. ದಿಮ್ಮಿಯನ್ನು ಸುಮ್ಮನೆ ಉದ್ದಕ್ಕೆ ಹಲಗೆ ಹಲಗೆಯಾಗಿ ಕೊಯ್ದರೆ ಸಿಲ್ವರ್ ಓಕ್ ಸಪ್ಪೆ. ಅದನ್ನೇ ಮೊದಲು ನಾಲ್ಕು ಹೋಳಾಗಿ ಸೀಳಿ, ತಿರುಳಿನಿಂದ ತೊಗಟೆಯ ಕಡೆಗೆ ಹಲಗೆ ತೆಗೆದರೆ ಒಳಗಿನ ಅಗಲವಾದ ಎಳೆಗಳು ಮೇಲ್ಮೈಗೆ ಬಂದು, ನಸುಗೆಂಪು ಮರದ ತುಂಬ ಮೀನಿನ ಹುರುಪೆಯಂತೆ ಹೊಳೆಯುತ್ತವೆ. ಹಲಗೆಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಓರೆ ಮಾಡಿದರೆ ಹೊಳಪು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹರಿಯುತ್ತದೆ. ಬಣ್ಣ ಬಳಿದು ಇದನ್ನು ಮುಚ್ಚುವುದು ಅನ್ಯಾಯ.

ಮರದ ಬಗ್ಗೆ ಸಂದೇಹ ಬಂದರೆ ಮಲ್ಲೇಶ್ವರದವರು ದೂರ ಹೋಗಬೇಕಿಲ್ಲ. ಹದಿನೆಂಟನೇ ಕ್ರಾಸಿನಲ್ಲೇ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿ, 1988ರಲ್ಲಿ ಈಗಿನ ರೂಪ ಪಡೆದದ್ದು ಅದು. ಶ್ರೀಗಂಧದ ಸಂಶೋಧನೆಗೆ ಹೆಸರಾದ ಜಾಗ. ತುಂಡು ಕೊಟ್ಟರೆ ಯಾವ ಮರವೆಂದು ಪರೀಕ್ಷಿಸಿ ಹೇಳುತ್ತಾರೆ, ಮರಗೆಲಸದ ತರಬೇತಿಯೂ ಇದೆ. ಆ ರಸ್ತೆಯಲ್ಲಿ ದಿನಾ ವಾಕಿಂಗ್ ಹೋಗುವ ಎಷ್ಟೋ ಜನಕ್ಕೆ ಗೇಟಿನ ಒಳಗೆ ಏನು ನಡೆಯುತ್ತದೆಂದು ಗೊತ್ತಿಲ್ಲ ಎನ್ನುವುದು ಬೇಸರದ ಸಂಗತಿ. ಹಲಗೆಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆ, ಮರಗೆಲಸದ ಯಂತ್ರಕ್ಕೆ ಎಸ್.ಜೆ.ಪಿ. ರಸ್ತೆ, ಎರಡೂ ಚಾಮರಾಜಪೇಟೆಗೆ ಹತ್ತಿರ.

ಇನ್ನು ಕೆಲಸ. ನೆಸ್ಪ್ರೆಸ್ಸೋದ ಸಣ್ಣ ಮಾದರಿಯ ಕ್ಯಾಪ್ಸೂಲಿನ ಅಂಚು ಸುಮಾರು 37 ಮಿಲಿಮೀಟರ್ ಅಗಲ, ಅಂಚಿನ ಕೆಳಗಿನ ಮೈ ಸುಮಾರು 30. ಹೋಲ್ಡರಿನ ಗುಟ್ಟೆಲ್ಲ ಈ ಎರಡು ಅಳತೆಗಳ ನಡುವಿನ ವ್ಯತ್ಯಾಸದಲ್ಲಿದೆ. ಗೋಡೆಗೆ ಬಿಗಿಯುವ ಹಲಗೆಯಲ್ಲಿ ಮೇಲಿನಿಂದ ಕೆಳಗೆ ಒಂದು ಕಾಲುವೆ ತೆಗೆಯಬೇಕು. ಅದರ ಬಾಯಿ 32, ಒಳತಳ 38 ಇರಬೇಕು. ಆಗ ಅಂಚು ಒಳಗೆ ಸಿಕ್ಕಿಕೊಂಡು ಬಟ್ಟಲು ಮುಂದಕ್ಕೆ ಚಾಚಿಕೊಂಡಿರುತ್ತದೆ. ಮೇಲಿನಿಂದ ಜಾರಿಸುವುದು, ಮೇಲಿನಿಂದಲೇ ತೆಗೆಯುವುದು. ಒಂದು ಪೊಟ್ಟಣದ ಹತ್ತು ಕ್ಯಾಪ್ಸೂಲಿಗೆ 370 ಮಿ.ಮೀ. ಉದ್ದ ಬೇಕು. 420 ಉದ್ದ, 160 ಅಗಲ, 18 ದಪ್ಪದ ಹಲಗೆಯಲ್ಲಿ ಮೂರು ಕಾಲುವೆ ನಿರಾಳವಾಗಿ ಹಿಡಿಸುತ್ತವೆ. ಬೇರೆ ಕಂಪನಿಯ ಕ್ಯಾಪ್ಸೂಲಾದರೆ ನಿಮ್ಮದನ್ನೇ ಅಳೆದುಕೊಳ್ಳಿ.

ಇದನ್ನು ಉಳಿ, ಕೊಡತಿಯಲ್ಲಿ ಮಾಡಲಾಗದು ಎಂದಲ್ಲ, ಆದರೆ ಒಳಗಿನ ಗಾಡಿ, ಅಂದರೆ ಅಂಚು ಕೂರುವ ಸೀಳು, ತೆಗೆಯುವಾಗ ಕೈ ಸೋಲುತ್ತದೆ. ತಿರುಗುವ ಬಿಟ್ಟಿನಿಂದ ಮರ ಕೊರೆಯುವ ರೌಟರ್ ಯಂತ್ರ ಇದಕ್ಕೇ ಹೇಳಿ ಮಾಡಿಸಿದ್ದು. 12 ಮಿ.ಮೀ. ನೇರ ಬಿಟ್ ಹಾಕಿ, ಹಲಗೆಯ ಮೇಲೆ ಒಂದು ನೆಟ್ಟಗಿನ ಪಟ್ಟಿಯನ್ನು ಕ್ಲ್ಯಾಂಪಿನಿಂದ ಬಿಗಿದು, ಅದಕ್ಕೆ ಒತ್ತಿಕೊಂಡೇ ಯಂತ್ರ ನಡೆಸಬೇಕು. ಒಂದೇ ಸಲಕ್ಕೆ 9 ಮಿ.ಮೀ. ಆಳಕ್ಕೆ ಇಳಿಯುವ ಆಸೆ ಬೇಡ. ಮೂರು ಮೂರರಂತೆ ಇಳಿದರೆ ಮರವೂ ಸುಡುವುದಿಲ್ಲ, ಬಿಟ್ಟೂ ಉಳಿಯುತ್ತದೆ. ಪಟ್ಟಿಯನ್ನು ಸರಿಸಿ ಸರಿಸಿ 32ಕ್ಕೆ ಅಗಲ ಮಾಡುವಾಗ, ಬಿಟ್ ತಿರುಗುವ ದಿಕ್ಕಿಗೆ ಎದುರಾಗಿಯೇ ಯಂತ್ರ ಸಾಗಬೇಕು. ಅದೇ ದಿಕ್ಕಿಗೆ ನಡೆಸಿದರೆ ಯಂತ್ರ ಕೈತಪ್ಪಿ ಓಡುತ್ತದೆ. ಕೆಳಗಿನ ಅಂಚಿಗೆ 25 ಮಿ.ಮೀ. ಇರುವಾಗ ನಿಲ್ಲಿಸಿ. ಆ ಕಟ್ಟೆಯೇ ಕ್ಯಾಪ್ಸೂಲುಗಳನ್ನು ಹೊರುವುದು.

ಮುಂದಿನದು ಟಿ-ಸ್ಲಾಟ್ ಬಿಟ್. ಕಾಲುವೆಯ ತಳದಲ್ಲಿ ಎರಡೂ ಗೋಡೆಗೆ 3 ಮಿ.ಮೀ. ಒಳಕ್ಕೆ, 3 ಮಿ.ಮೀ. ಎತ್ತರದ ಗಾಡಿ. ಈ ಬಿಟ್ಟನ್ನು ಹಲಗೆಯ ಮೇಲ್ತುದಿಯಿಂದ ಒಳಗೆ ಬಿಟ್ಟು, ಹೋದ ದಾರಿಯಲ್ಲೇ ಹೊರಗೆ ತರಬೇಕು. ನಡುವೆ ಎಲ್ಲೇ ಯಂತ್ರವನ್ನು ಮೇಲಕ್ಕೆ ಎತ್ತಿದರೂ ಕಾಲುವೆಯ ತುಟಿ ಕಿತ್ತುಬರುತ್ತದೆ, ಹಲಗೆ ಒಲೆಗೇ. ಹೊಳೆಯುವ ಆ ಎಳೆಗಳೇ ಇಲ್ಲಿ ಸ್ವಲ್ಪ ಕಾಟ ಕೊಡುತ್ತವೆ: ಮೊಂಡು ಬಿಟ್ಟಿಗೆ ಸಿಬಿರೇಳುತ್ತವೆ. ಹೊಸ ಬಿಟ್ಟಿನ ದುಡ್ಡು ಇಲ್ಲಿ ಸಾರ್ಥಕ. ಕೊಳ್ಳುವಾಗ ನಿಮ್ಮ ಯಂತ್ರದಲ್ಲಿ ಬಿಟ್ ಹಿಡಿಯುವ ಬಾಯಿ 6 ಮಿ.ಮೀ.ನದೋ ಕಾಲಿಂಚಿನದೋ ಖಚಿತ ಮಾಡಿಕೊಳ್ಳಿ. ಕಾಲಿಂಚು ಎಂದರೆ 6.35 ಮಿ.ಮೀ. ಕಣ್ಣಿಗೆ ಎರಡೂ ಒಂದೇ, ಆದರೆ ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಮೀರಿ ತಿರುಗುವಾಗ ಸಡಿಲ ಬಿಟ್ ಹಾರಿದರೆ ಅನಾಹುತ. ಕನ್ನಡಕ, ಮಾಸ್ಕ್ ಇಲ್ಲದೆ ಸ್ವಿಚ್ ಒತ್ತಬೇಡಿ. ಈ ಮರದ ಹೊಟ್ಟು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತುಂಬುತೋಳಿನ ಅಂಗಿ ಒಳ್ಳೆಯದು.

120, 180, 240ರ ಉಪ್ಪುಕಾಗದ ಉಜ್ಜಿದ ಮೇಲೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಫ್ರೆಂಚ್ ಪಾಲಿಶ್ ಸಾಕು. ಕಾಲುವೆಯ ಒಳಗೆ ತೆಳ್ಳಗೆ ಒಂದೇ ಕೈ. ದಪ್ಪವಾದರೆ ಕ್ಯಾಪ್ಸೂಲ್ ಜಾರುವುದಿಲ್ಲ. ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ಅದು ತಾನಾಗಿ ಹೊತ್ತಿಕೊಳ್ಳಬಹುದು; ಹರಡಿ ಒಣಗಿಸಬೇಕು. ಹೋಲ್ಡರನ್ನು ಬಿಗಿಯಲು ಹಳೆಯ ಮನೆಗಳ ಸುಣ್ಣದ ಗಾರೆಯ ಗೋಡೆಗೆ ಹ್ಯಾಮರ್ ಡ್ರಿಲ್ ಹಿಡಿದರೆ ಗಾರೆ ಉದುರುತ್ತದೆ. ಹ್ಯಾಮರ್ ನಿಲ್ಲಿಸಿ ನಿಧಾನಕ್ಕೆ ಕೊರೆದು, ಮರದ ಬೆಣೆ ಬಡಿದು, ಅದಕ್ಕೆ ಸ್ಕ್ರೂ ಹಾಕಿ. ಒಲೆಯ ಹಬೆಯಿಂದ ದೂರವಿರಲಿ.

ಇಷ್ಟಕ್ಕೂ ಚೆನ್ನಾಗಿ ಸೀಳಿ ಒಣಗಿಸಿದ ಸಿಲ್ವರ್ ಹಲಗೆ ಪೇಟೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ತೋಟದವರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಸಲ ನೆರಳುಮರ ಕಡಿಸುವಾಗ ದಪ್ಪನೆಯ ಒಂದೆರಡು ದಿಮ್ಮಿಗಳನ್ನು ಪ್ಲೈವುಡ್ ಲಾರಿಗೆ ಹಾಕಬೇಡಿ. ನಾಲ್ಕು ಹೋಳಾಗಿ ಸೀಳಿಸಿ, ಒಂದಿಂಚಿನ ಹಲಗೆ ಮಾಡಿಸಿ, ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿದು, ನಡುನಡುವೆ ಪಟ್ಟಿ ಕೊಟ್ಟು ಕಣಜದ ನೆರಳಿನಲ್ಲಿ ಪೇರಿಸಿಡಿ. ಮಳೆಗಾಲ ಕಳೆದು ಬೇಸಿಗೆ ಬರುವ ಹೊತ್ತಿಗೆ ಅವು ಬೆಂಗಳೂರಿಗೆ ಬರಲು ತಯಾರಿರುತ್ತವೆ. ಕೊಳ್ಳುವವರು ಇಲ್ಲಿದ್ದೇವೆ.