ಉಪ್ಪು ತಿಂದ ಸೇತುವೆಗಳು

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ನಮ್ಮ ಗಾದೆ. ಉತ್ತರ ಅಮೆರಿಕದಲ್ಲಿ ಉಪ್ಪು ತಿನ್ನುತ್ತಿರುವುದು ಸೇತುವೆಗಳು. ನೀರು ಕುಡಿಯುತ್ತಿರುವವರು ಮಾತ್ರ ತೆರಿಗೆದಾರರು.

ಚಳಿಗಾಲದಲ್ಲಿ ರಸ್ತೆಯ ಮೇಲಿನ ಹಿಮ ಕರಗಿಸಲು ಉಪ್ಪು ಸುರಿಯುವುದು ಅಲ್ಲಿನ ವಾಡಿಕೆ. ಅದು ಅಗ್ಗ, ಅಪಘಾತಗಳನ್ನು ತಪ್ಪಿಸುತ್ತದೆ ಎಂಬುದೂ ನಿಜ. ಆದರೆ ಆ ಉಪ್ಪುನೀರು ಸೇತುವೆಯ ಸಂದುಗಳಿಂದ ತೊಲೆಗಳ ತುದಿಗೆ ಸೋರುತ್ತದೆ, ಕಾಂಕ್ರೀಟಿನೊಳಕ್ಕೆ ಇಂಗುತ್ತದೆ. ಕಾಂಕ್ರೀಟಿನ ಕ್ಷಾರಗುಣವು ಉಕ್ಕಿನ ಸರಳುಗಳಿಗೆ ಒದಗಿಸಿದ ರಕ್ಷಣಾ ಪದರವನ್ನು ಕ್ಲೋರೈಡ್ ಭೇದಿಸುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟ್ ಸಿಡಿಯುತ್ತದೆ. ಬಿರುಕು ಕಣ್ಣಿಗೆ ಬೀಳುವ ವೇಳೆಗೆ ಒಳಗಿನ ರೋಗ ಬಲಿತಿರುತ್ತದೆ.

ಈ ರೋಗದ ಚಿಕಿತ್ಸೆ ದುಬಾರಿ. ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತದ ನೆರವಿನಿಂದ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವು, ಹೆದ್ದಾರಿ ಸೇತುವೆಗಳ ತುಕ್ಕಿನ ನೇರ ವೆಚ್ಚವನ್ನು ವರ್ಷಕ್ಕೆ 830 ಕೋಟಿ ಡಾಲರ್ ಎಂದು ಅಂದಾಜಿಸಿತ್ತು. ಸಂಚಾರ ವಿಳಂಬ ಮುಂತಾದ ಪರೋಕ್ಷ ನಷ್ಟ ಅದರ ಹತ್ತು ಪಟ್ಟಿಗೂ ಅಧಿಕ.

ಕೆನಡಾದ ಮಾಂಟ್ರಿಯಲ್‌ನ ಷಾಂಪ್ಲೇನ್ ಸೇತುವೆ 1962ರಲ್ಲಿ ತೆರೆಯಿತು. ಉಪ್ಪುನೀರನ್ನು ಹೊರಹಾಕುವ ಸಮರ್ಪಕ ವ್ಯವಸ್ಥೆ ಅದರ ವಿನ್ಯಾಸದಲ್ಲಿ ಇರಲಿಲ್ಲ. 2013ರಲ್ಲಿ ಬಿರುಕುಬಿಟ್ಟ ತೊಲೆಗೆ ಸುಮಾರು 75 ಟನ್ ತೂಕದ ಉಕ್ಕಿನ ತೊಲೆಯ ಆಸರೆ ನೀಡಬೇಕಾಯಿತು. 2019ರಲ್ಲಿ ಪಕ್ಕದಲ್ಲೇ ಹೊಸ ಸೇತುವೆ ಬಂತು. ಆ ಯೋಜನೆಯ ವೆಚ್ಚ ಸುಮಾರು 400 ಕೋಟಿ ಕೆನಡಾ ಡಾಲರ್. ಹಳೆಯದು ಆರು ದಶಕವನ್ನೂ ಪೂರೈಸಲಿಲ್ಲ.

ನಿರ್ಲಕ್ಷ್ಯ ಬೆರೆತರೆ ಅಪಾಯ ಇಮ್ಮಡಿ. ಪಿಟ್ಸ್‌ಬರ್ಗ್‌ನ ಫರ್ನ್ ಹಾಲೊ ಸೇತುವೆ 2022ರ ಜನವರಿ 28ರಂದು ಕುಸಿಯಿತು. ನೀರು ಹೊರಹೋಗುವ ಕಿಂಡಿಗಳು ಕಟ್ಟಿಕೊಂಡು ಉಕ್ಕಿನ ಕಾಲುಗಳು ಸವೆದಿದ್ದವು. ದುರಸ್ತಿಯ ಶಿಫಾರಸುಗಳನ್ನು ನಗರಾಡಳಿತ ಪದೇ ಪದೇ ಕಡೆಗಣಿಸಿತ್ತು ಎಂದು ತನಿಖೆ ಹೇಳಿತು. ಕಿಂಡಿ ತೆರವಿಗೆ ಮನಸ್ಸು ಮಾಡದ ನಗರದಲ್ಲಿ ಮರುನಿರ್ಮಾಣಕ್ಕೆ ಸುಮಾರು 2.5 ಕೋಟಿ ಡಾಲರ್ ವ್ಯಯವಾಯಿತು.

ಹೊಸ ಸೇತುವೆಗೆ ಉದ್ಘಾಟನೆಯುಂಟು. ಕಿಂಡಿ ಸ್ವಚ್ಛಗೊಳಿಸುವುದಕ್ಕೆ ಸಮಾರಂಭವಿಲ್ಲ. ಸಮಸ್ಯೆಯ ಮೂಲ ಇಲ್ಲಿದೆ. ಹಿಮಗಾಲ ಮುಗಿದೊಡನೆ ಸೇತುವೆ ತೊಳೆಯುವುದು, ಸಂದುಗಳನ್ನು ಮುಚ್ಚುವುದು, ಉಪ್ಪನ್ನು ಅಳೆದು ಬಳಸುವುದು ಕಷ್ಟವೇನಲ್ಲ.

ಹಿಮ ಬೀಳದ ನಮಗೇಕೆ ಈ ಚಿಂತೆ? ನಮ್ಮ ಕರಾವಳಿಯ ಸೇತುವೆಗಳಿಗೆ ಅದೇ ಕ್ಲೋರೈಡನ್ನು ಕಡಲ ಗಾಳಿ ಬಿಟ್ಟಿಯಾಗಿ ತಂದುಕೊಡುತ್ತದೆ. ಕಾರವಾರದ ಹಳೆಯ ಕಾಳಿ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿಯಿತು. ಕಾರಣ ಏನೇ ಇರಲಿ, ನಿಯತ ತಪಾಸಣೆ ಮತ್ತು ಅದರ ವರದಿಗಳ ಬಹಿರಂಗ ಪ್ರಕಟಣೆಗೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.